ಕ್ಯಾಂಪರ್ ವ್ಯಾನ್‌ಗೆ 14.5 ಲಕ್ಷ ಹೇಳುತ್ತಿದ್ದಾರೆ, ಎಷ್ಟಕ್ಕೆ ಕೇಳಲಿ?

ಪ್ರಶ್ನೆ: ನಾನು ತುಮಕೂರಿನ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಾನು, ನಮ್ಮ ಮನೆಯವರು, 78 ವರ್ಷದ ನನ್ನ ತಾಯಿ ಮೂವರೂ ಹಂಪಿ, ಬಾದಾಮಿ, ಶೃಂಗೇರಿ ಎಂದು ನಿಧಾನವಾಗಿ ಸುತ್ತಬೇಕೆಂಬ ಆಸೆ. ತಾಯಿಗೆ ಲಾಡ್ಜ್ ಮೆಟ್ಟಿಲು, ದಾರಿಯ ಶೌಚಾಲಯ ಎರಡೂ ಕಷ್ಟ. ಯಲಹಂಕದಲ್ಲಿ ಒಬ್ಬರು 2018ರ ಫೋರ್ಸ್ ಟ್ರಾವೆಲರನ್ನು ಕ್ಯಾಂಪರ್ ವ್ಯಾನ್ ಮಾಡಿಸಿಕೊಂಡಿದ್ದು, ಈಗ ಮಾರುತ್ತಿದ್ದಾರೆ. ಹಾಸಿಗೆ, ಅಡುಗೆ ಕಟ್ಟೆ, ಸಣ್ಣ ಶೌಚಾಲಯ, ಎಸಿ ಇದೆ. ‘ಒಳಗಿನ ಕೆಲಸಕ್ಕೇ 6 ಲಕ್ಷ ಸುರಿದಿದ್ದೇನೆ’ ಎಂದು 14.5 ಲಕ್ಷ ಹೇಳುತ್ತಾರೆ. ಆರ್‌ಸಿಯಲ್ಲಿ ಮಾತ್ರ ಓಮ್ನಿ ಬಸ್, 13 ಸೀಟು ಎಂದಿದೆ. ಇನ್ನೊಬ್ಬ ಗಿರಾಕಿ ಕಾಯುತ್ತಿದ್ದಾರೆ, 50 ಸಾವಿರ ಟೋಕನ್ ಹಾಕಿ ಎಂದು ಅವಸರಪಡಿಸುತ್ತಿದ್ದಾರೆ. ನನಗೆ ಚೌಕಾಸಿ ಮಾಡಿ ಅಭ್ಯಾಸವಿಲ್ಲ. ಎಷ್ಟಕ್ಕೆ ಕೇಳಬೇಕು? ನನ್ನ ಬಳಿ ಕಾರಿನ ಲೈಸೆನ್ಸ್ ಮಾತ್ರ ಇದೆ, ಸಾಕೆ?

ಉತ್ತರ: ಮೇಷ್ಟ್ರೇ, ಟೋಕನ್ ಹಾಕಬೇಡಿ. ಇವತ್ತು ಬೇರೇನೂ ಮಾಡದಿದ್ದರೂ ಇದೊಂದನ್ನು ನಡೆಸಿ. ಕ್ಯಾಂಪರ್ ವ್ಯಾನ್ ಕೊಳ್ಳುವವರು ನಮ್ಮ ಕಡೆ ಕಡಿಮೆ. ಸ್ವಿಫ್ಟ್ ಕಾರಿಗೆ ಸಾಲುಗಟ್ಟಿದ ಹಾಗೆ ಇದಕ್ಕೆ ಗಿರಾಕಿಗಳು ಸಾಲುಗಟ್ಟುವುದಿಲ್ಲ. ಇನ್ನೊಬ್ಬರು ನಿಜಕ್ಕೂ ಇದ್ದು ಕೊಂಡುಕೊಂಡರೆ ಕೊಳ್ಳಲಿ. ಇಂಥ ಗಾಡಿ ಮತ್ತೆ ಮಾರಾಟಕ್ಕೆ ಬಂದೇ ಬರುತ್ತದೆ, ಏಕೆಂದರೆ ಮಾಡಿಸಿಕೊಂಡ ಅನೇಕರು ಮೊದಲೆರಡು ಪ್ರವಾಸದ ಹುರುಪು ಇಳಿದ ಮೇಲೆ ಮನೆಮುಂದೆ ನಿಲ್ಲಿಸಿ, ಕೊನೆಗೆ ಮಾರುತ್ತಾರೆ.

ನೀವು ಕೇಳಿದ್ದು ಬೆಲೆ. ಆದರೆ ನಿಮ್ಮ ಪತ್ರದಲ್ಲಿ ಬೆಲೆಗಿಂತ ದೊಡ್ಡ ವಿಷಯ ಒಂದು ಸಾಲಿನಲ್ಲಿ ಮುಗಿದುಹೋಗಿದೆ: ಆರ್‌ಸಿಯಲ್ಲಿ 13 ಸೀಟಿನ ಓಮ್ನಿ ಬಸ್, ಒಳಗೆ ಮಲಗುವ ಮನೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಅವಕಾಶವಿರುವ ಬದಲಾವಣೆಗೂ ಆರ್‌ಟಿಒ ಒಪ್ಪಿಗೆ ಬೇಕು, ಅದು ಆರ್‌ಸಿಯಲ್ಲಿ ದಾಖಲಾಗಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದೆ ಗಾಡಿ ಬದಲಾಯಿಸುವ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಗಿದೆ. ಬದಲಾಯಿಸಿದವರು ಅವರೇ ಆದರೂ, ಆರ್‌ಸಿ ನಿಮ್ಮ ಹೆಸರಿಗೆ ಬಂದ ಮೇಲೆ ರಸ್ತೆಯಲ್ಲಿ ಇನ್ಸ್‌ಪೆಕ್ಟರ್ ಗಾಡಿ ತಡೆದಾಗ ಉತ್ತರ ಹೇಳಬೇಕಾದವರು ನೀವು.

ಇದಕ್ಕಿಂತ ನನಗೆ ಹೆಚ್ಚು ಭಯವಿರುವುದು ಇನ್ಶೂರೆನ್ಸ್ ವಿಷಯದಲ್ಲಿ. ವಿಮಾ ಕಂಪನಿ ಪಾಲಿಸಿ ಕೊಟ್ಟಿರುವುದು ಒಂದು ಬಸ್ಸಿಗೆ. ಒಳಗೆ ಇನ್ವರ್ಟರ್, ದೊಡ್ಡ ಬ್ಯಾಟರಿ, ಗ್ಯಾಸ್ ಒಲೆ ಇರುವುದು ಅವರಿಗೆ ಗೊತ್ತಿಲ್ಲ. ವೈರಿಂಗ್ ಸುಟ್ಟು ಗಾಡಿ ಹೊತ್ತಿಕೊಂಡರೆ ಸರ್ವೇಯರ್ ಬಂದು ಮೊದಲು ಬರೆಯುವುದೇ ‘ಘೋಷಿಸದ ಮಾರ್ಪಾಡು’ ಎಂದು. ಮೂರು ಜೀವ ಮಲಗುವ ಗಾಡಿ ಇದು, ತಾಯಿಯವರೂ ಇರುತ್ತಾರೆ. ‘ಏನೂ ಆಗಲ್ಲ ಸಾರ್, ಯಾರೂ ನೋಡಲ್ಲ’ ಎಂಬ ಮಾತನ್ನು ದಯವಿಟ್ಟು ಒಪ್ಪಬೇಡಿ.

ಹಾಗಾಗಿ ಮಾತುಕತೆಯ ಮೊದಲ ವಾಕ್ಯ ಬೆಲೆಯದ್ದಲ್ಲ. ‘ಆರ್‌ಟಿಒದಲ್ಲಿ ಕ್ಯಾಂಪರ್ ವ್ಯಾನ್ ಎಂದು ವರ್ಗ ಬದಲಾಯಿಸಿಕೊಡಿ. ಸೀಟಿನ ಸಂಖ್ಯೆ ತಿದ್ದಿಸಿ. ಆಮೇಲೆ ಬೆಲೆ ಮಾತಾಡೋಣ’ ಎನ್ನಿ. ಸರ್ಕಾರದ ಗಾಡಿ ನೋಂದಣಿ ಜಾಲವಾದ ವಾಹನ್ ದಾಖಲೆಯಲ್ಲಿ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ವರ್ಗ ಪ್ರತ್ಯೇಕವಾಗಿಯೇ ಇದೆ. ಇಂಥ ಗಾಡಿಗಳಿಗೆ ಎಐಎಸ್-124 ಎಂಬ ಮಾನದಂಡವೂ ಇದೆ. ಕೆಲಸ ಮಾಡಿದ ವರ್ಕ್‌ಶಾಪ್ ಅದರಂತೆ ನಡೆದಿದೆಯೇ, ಕಾಗದ ಕೊಡಬಲ್ಲದೇ ಎಂದು ಕೇಳಿ. ಅವರು ಮಾಡಿಸಿಕೊಟ್ಟರೆ ಒಳ್ಳೆಯದು. ‘ಅದೆಲ್ಲ ನೀವೇ ಮಾಡಿಸ್ಕೊಳ್ಳಿ, 50 ಸಾವಿರ ಬಿಡ್ತೀನಿ’ ಎಂದರೆ, ನನ್ನ ಅಭಿಪ್ರಾಯದಲ್ಲಿ ವ್ಯಾಪಾರ ಅಲ್ಲಿಗೇ ಮುಗಿಯಿತು. ಗಾಡಿ ಕಟ್ಟಿಸಿದವರ ಕೈಯಲ್ಲೇ ಆಗದ ಕೆಲಸವನ್ನು ಬಿಲ್ಲೂ ಇಲ್ಲದೆ ನೀವು ಮಾಡಿಸುವುದು ಕಷ್ಟ. ತೆರಿಗೆಯೂ ಗಾಡಿಯ ವರ್ಗವನ್ನು ಹಿಡಿದೇ ನಿಗದಿಯಾಗುವುದರಿಂದ, ವರ್ಗ ಬದಲಾದರೆ ಕಟ್ಟಬೇಕಾದ ವ್ಯತ್ಯಾಸ ಅವರದೇ ಖರ್ಚು ಎಂದು ಆಗಲೇ ಹೇಳಿಬಿಡಿ.

ಜೊತೆಗೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಸಾಲ ಬಾಕಿಯಿದ್ದರೆ ಹೈಪೋಥಿಕೇಶನ್, ಅಂದರೆ ಗಾಡಿ ಬ್ಯಾಂಕಿಗೆ ಅಡವಿದೆ ಎಂಬ ನಮೂದು, ಕಾಣುತ್ತದೆ. ಅದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆ ನಮೂದು ತೆಗೆಸುವ ಫಾರಂ 35 ಇಲ್ಲದೆ ಮುಂದುವರಿಯಬೇಡಿ. ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಇವರು ಎಷ್ಟನೇ ಮಾಲೀಕರು, ದಂಡ ಬಾಕಿ ಇದೆಯೇ, ಹಿಂದೆ ಯೆಲ್ಲೋ ಬೋರ್ಡ್ ಆಗಿತ್ತೇ ಎಂದೂ ನೋಡಿ. ಟೂರಿಸ್ಟ್ ಓಡಿಸಿ ವೈಟ್ ಬೋರ್ಡ್ ಮಾಡಿಸಿದ್ದಾದರೆ ಮೀಟರ್ ಏನೇ ತೋರಿಸಲಿ, ಓಟವನ್ನು ಸರ್ವಿಸ್ ದಾಖಲೆಯಿಂದಲೇ ನಂಬಬೇಕು.

ಇನ್ನು ಬೆಲೆ. ಮಾರುವವರು ಗಾಡಿಯನ್ನೂ ಒಳಗೆ ಕಟ್ಟಿಸಿದ ಮನೆಯನ್ನೂ ಒಂದೇ ಮೊತ್ತದಲ್ಲಿ ಸೇರಿಸಿ ಹೇಳುತ್ತಾರೆ. ನೀವು ಬಿಡಿಸಿ ಲೆಕ್ಕ ಹಾಕಬೇಕು. ಚೌಕಾಸಿ ಬರುವುದಿಲ್ಲ ಎಂದಿರಿ. ಬಾಯಿಯ ಚಾತುರ್ಯ ಇದಕ್ಕೆ ಬೇಕಿಲ್ಲ ಮೇಷ್ಟ್ರೇ, ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸಿದ ಕೈ ನಿಮ್ಮದು, ಅದೇ ಸಾಕು.

ಮೊದಲು ಒಳಗೆ ಏನೂ ಮಾಡಿಸದ, ಮಾಮೂಲಿ ಸೀಟಿನ 2018ರ ಟಿಟಿಗೆ (ಟೆಂಪೊ ಟ್ರಾವೆಲರ್‌ಗೆ) ಏನು ಬೆಲೆ ಎಂದು ತುಮಕೂರಿನಲ್ಲೂ ಬೆಂಗಳೂರಿನಲ್ಲೂ ಐದಾರು ಕಡೆ ವಿಚಾರಿಸಿ. ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) ಒಂದೇ ಇರಲಿ, ಓಡಿದ ಕಿಲೋಮೀಟರ್ ಹತ್ತಿರ ಇರಲಿ. ಈ ಹುಡುಕಾಟದಲ್ಲಿ ದೆಹಲಿ ಗಾಡಿಗಳು ಬಲು ಅಗ್ಗಕ್ಕೆ ಕಾಣುತ್ತವೆ. ಅಲ್ಲಿ ಹಳೆಯ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಇರುವುದರಿಂದ ವಯಸ್ಸಾಗುತ್ತಿರುವವು ದಕ್ಷಿಣಕ್ಕೆ ಬರುತ್ತವೆ. ಅವನ್ನು ಲೆಕ್ಕಕ್ಕೆ ಸೇರಿಸಬೇಡಿ: ಎನ್‌ಒಸಿ, ಕರ್ನಾಟಕದ ತೆರಿಗೆ, ಮರುನೋಂದಣಿ ಎಲ್ಲ ಕೂಡಿದ ಮೇಲೆ ಅಗ್ಗ ಉಳಿಯುವುದಿಲ್ಲ. ಹೀಗೆ ಬಂದ ಸರಾಸರಿ 7.5 ಲಕ್ಷ ಎಂದಿಟ್ಟುಕೊಳ್ಳೋಣ. ಇದು ಉದಾಹರಣೆಗೆ ಹಿಡಿದ ಅಂಕಿ, ನಿಜವಾದದ್ದನ್ನು ನೀವು ತರಬೇಕು.

ಆಮೇಲೆ ಮನೆ. ಅವರು 6 ಲಕ್ಷ ಸುರಿದಿರಬಹುದು, ಸುಳ್ಳೆನ್ನುವುದು ಬೇಡ. ಆದರೆ ಸುರಿದದ್ದು ಬೇರೆ, ಇವತ್ತು ಉಳಿದದ್ದು ಬೇರೆ. ಬಿಲ್ಲುಗಳನ್ನು ಕೇಳಿ ತೆಗೆದುಕೊಂಡು ಎರಡು ಗುಂಪು ಮಾಡಿ. ಎಸಿ, ಫ್ರಿಜ್, ಇನ್ವರ್ಟರ್, ಬ್ಯಾಟರಿ, ಸೋಲಾರ್ ಪ್ಯಾನಲ್, ನೀರಿನ ಪಂಪ್ ಮುಂತಾದವನ್ನು ಬಿಚ್ಚಿ ಮಾರಬಹುದು, ಅವಕ್ಕೆ ಸೆಕೆಂಡ್ ಹ್ಯಾಂಡ್ ಬೆಲೆಯಿದೆ. ಪ್ಲೈವುಡ್, ಲ್ಯಾಮಿನೇಟ್, ಕುಶನ್, ಕೂಲಿ ಇವಕ್ಕೆ ಹೊರಗೆ ಮಾರುಕಟ್ಟೆಯೇ ಇಲ್ಲ. ಆದರೂ ನೀವು ವರ್ಕ್‌ಶಾಪಿಗೆ ತಿಂಗಳುಗಟ್ಟಲೆ ಅಲೆಯುವುದನ್ನು ಅವು ಉಳಿಸುತ್ತವೆ, ಅದಕ್ಕೆ ಒಂದಿಷ್ಟು ಕೊಡುವುದು ನ್ಯಾಯ. ಮೊದಲ ಗುಂಪಿಗೆ 2.5 ಲಕ್ಷ, ಎರಡನೆಯದಕ್ಕೆ 1 ಲಕ್ಷ ಎಂದು ಹಿಡಿದರೆ ಒಟ್ಟು 11 ಲಕ್ಷವಾಯಿತು. ಇದರಿಂದ, ಕೊಂಡ ಕೂಡಲೇ ನೀವು ಮಾಡಿಸಲೇಬೇಕಾದ ರಿಪೇರಿಯನ್ನು ಕಳೆಯಬೇಕು. ಅದು ಎಷ್ಟೆಂದು ಕೂತಲ್ಲಿ ತಿಳಿಯುವುದಿಲ್ಲ. ಸಿದ್ಧಗಂಗೆ ಜಾತ್ರೆಯ ದನದ ಪರಿಷೆಯಲ್ಲಿ ಹಲ್ಲು ನೋಡದೆ, ನಡೆಸಿ ನೋಡದೆ ಎತ್ತಿಗೆ ಬೆಲೆ ಕಟ್ಟಿದವರನ್ನು ನೀವೂ ಕಂಡಿರಲಾರಿರಿ, ಇಲ್ಲೂ ಹಾಗೆಯೇ.

ನೋಡಲು ಬೆಳಿಗ್ಗೆಯೇ ಹೋಗಿ. ‘ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಹೇಳಿ, ಹೋದೊಡನೆ ಬಾನೆಟ್ ಮುಟ್ಟಿ ನೋಡಿ. ತಣ್ಣಗಿರುವ ಎಂಜಿನ್ ಹೇಗೆ ಏಳುತ್ತದೆ, ಯಾವ ಬಣ್ಣದ ಹೊಗೆ ಬರುತ್ತದೆ ಎಂಬುದರಲ್ಲಿ ಅರ್ಧ ವಿಷಯ ತಿಳಿಯುತ್ತದೆ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಟಿಟಿ ಕೆಲಸ ಬಲ್ಲ ಮೆಕ್ಯಾನಿಕ್ ಒಬ್ಬರನ್ನು ಕೂಲಿ ಕೊಟ್ಟು ಕರೆದೊಯ್ಯಿರಿ. ಮಾರುವವರ ಪರಿಚಯದವರು ಬೇಡ, ಎರಡೂ ಕಡೆ ಕಮಿಷನ್ ತಿನ್ನುವ ಬ್ರೋಕರ್ ಖಂಡಿತ ಬೇಡ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರ್. ನಿಂತೇ ಇದ್ದ ಕ್ಯಾಂಪರ್‌ಗಳಲ್ಲಿ ಬಟನ್ ಸವೆದಿರುವುದಿಲ್ಲ, ರಬ್ಬರ್ ಮಾತ್ರ ಬಿರಿದಿರುತ್ತದೆ. ‘ಟೈರ್ ಹೊಸದೇ ಸಾರ್’ ಎಂಬ ಮಾತಿಗೆ ಈ ಅಂಕಿಯೇ ಉತ್ತರ.

ಇಂಥ ಗಾಡಿ ನೋಡಿಕೊಡಿ ಎಂದು ಕರೆದಾಗ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಮೂರು ಜಾಗದಲ್ಲಿ. ಒಂದು ಚಾವಣಿ. ಎಸಿಗೆ, ಗಾಳಿಕಿಂಡಿಗೆ, ಪ್ಯಾನಲ್ ಬೋಲ್ಟ್‌ಗೆ ಕೊರೆದ ಪ್ರತಿ ತೂತೂ ನೀರು ಇಳಿಯುವ ದಾರಿ. ಪೈಪಿನಿಂದ ಹತ್ತು ನಿಮಿಷ ಮೇಲೆ ನೀರು ಬಿಡಿಸಿ. ಒಳಗೆ ಕಪಾಟಿನ ಮೂಲೆಯ ಪ್ಲೈವುಡ್ ಒತ್ತಿ ನೋಡಿ. ಮೆತ್ತಗಿದ್ದರೆ, ಉಬ್ಬಿದ್ದರೆ, ಮುಗ್ಗಲು ವಾಸನೆಯಿದ್ದರೆ ಒಳಗಿನ ತಗಡಿಗೂ ತುಕ್ಕು ಹಿಡಿದಿರಬಹುದು. ಎರಡು, ಕರೆಂಟು. ಎಸಿ ರಾತ್ರಿಯಿಡೀ ಓಡುತ್ತದೆ ಎಂದು ಹೇಳಿದರೆ ಕಾಗದ ತೆಗೆಯಿರಿ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿ ಎರಡಿದ್ದರೆ ಲೆಕ್ಕಕ್ಕೆ 3.6 ಯೂನಿಟ್, ಆದರೆ ಆಯಸ್ಸು ಹಾಳಾಗದಂತೆ ಬಳಸಬಹುದಾದದ್ದು ಸುಮಾರು ಅರ್ಧ, ಅಂದರೆ 1.8 ಯೂನಿಟ್. ಒಂದು ಟನ್ನಿನ ಎಸಿ ಗಂಟೆಗೆ ಒಂದು ಯೂನಿಟ್ ಆಸುಪಾಸು ಎಳೆಯುತ್ತದೆ. ಎಂದರೆ ಒಂದೂವರೆ ಗಂಟೆ, ಹಳೆಯ ಬ್ಯಾಟರಿಯಾದರೆ ಅದೂ ಇಲ್ಲ. ಲಿಥಿಯಂ ಬ್ಯಾಟರಿಯಾದರೆ ಅದೇ ಗಾತ್ರದಲ್ಲಿ ಶೇ 80ರವರೆಗೂ ಬಳಸಬಹುದು, ಅದರ ಬೆಲೆಯೂ ಹಾಗೇ ಹೆಚ್ಚು. ಆದ್ದರಿಂದ ಎಂಜಿನ್ ಆಫ್ ಮಾಡಿ, ಮನೆಯ ಪ್ಲಗ್ ಕಿತ್ತು, ಎಸಿ ಹಾಕಿಕೊಂಡು ಒಳಗೇ ಕುಳಿತುಬಿಡಿ. ಎಷ್ಟು ಹೊತ್ತಿಗೆ ನಿಂತಿತು ಎಂದು ಅವರ ಎದುರಿಗೇ ಬರೆದುಕೊಳ್ಳಿ.

ಮೂರನೆಯದು ತೂಕ, ಇದನ್ನು ಯಾರೂ ನೋಡುವುದಿಲ್ಲ. ಒಂದು ಟ್ಯೂಬ್ಯುಲರ್ ಬ್ಯಾಟರಿಯೇ 50 ಕೆಜಿ ಮೀರುತ್ತದೆ. 120 ಲೀಟರ್ ನೀರು ಎಂದರೆ 120 ಕೆಜಿ. ಮರದ ಕೆಲಸ, ಫ್ರಿಜ್, ಶೌಚಾಲಯದ ಟ್ಯಾಂಕ್ ಎಲ್ಲ ಸೇರಿ ಎಷ್ಟಾಯಿತೆಂದು ಕಟ್ಟಿಸಿದವರಿಗೇ ಗೊತ್ತಿರುವುದಿಲ್ಲ. ನೀರಿನ ಟ್ಯಾಂಕ್ ತುಂಬಿಸಿ ವೇ ಬ್ರಿಡ್ಜ್ ಮೇಲೆ ಹತ್ತಿಸಿ, ಚೀಟಿ ತೆಗೆದುಕೊಂಡು ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಯೊಂದಿಗೆ ಹೋಲಿಸಿ. ಮಿತಿಯ ಹತ್ತಿರವೇ ಇದ್ದರೆ ನೀವು ಮೂವರು ಕುಳಿತು ಸಾಮಾನು ತುಂಬಿದ ಮೇಲೆ ದಾಟುತ್ತದೆ. ಬ್ರೇಕಿಗೆ ಅದು ಅಪಾಯ. ಎಡ-ಬಲ ಚಕ್ರದ ಕಮಾನಿನ ಎತ್ತರವನ್ನೂ ಟೇಪಿನಲ್ಲಿ ಅಳೆಯಿರಿ. ಭಾರವೆಲ್ಲ ಒಂದೇ ಬದಿಗೆ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಓಡಿಸಿ ನೋಡುವುದು ಹೈವೇಯಲ್ಲಿ ಮಾತ್ರ ಸಾಲದು. ಯಲಹಂಕದಿಂದ ನಂದಿಬೆಟ್ಟದ ಬುಡ ದೂರವಿಲ್ಲ. ಏರಿನಲ್ಲಿ ಎರಡನೇ ಗೇರ್‌ನಲ್ಲಿ ಎಳೆಯುತ್ತದೆಯೇ, ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ ವಾಸನೆ ಬರುತ್ತದೆಯೇ, ಕಪಾಟುಗಳು ಕಿರುಗುಟ್ಟುತ್ತವೆಯೇ ನೋಡಿ. ಚಾವಣಿಯ ಎಸಿ ಸೇರಿ ಎತ್ತರ ಎಷ್ಟೆಂದು ಅಳೆದುಕೊಳ್ಳಿ, ರೈಲ್ವೆ ಅಂಡರ್‌ಪಾಸ್ ಮತ್ತು ಊರಬಾಗಿಲ ಕಮಾನುಗಳ ಮುಂದೆ ಆ ಅಂಕಿ ಬೇಕಾಗುತ್ತದೆ. ನಿಮ್ಮ ತಾಯಿಯವರು ಮೆಟ್ಟಿಲು ಹತ್ತಿ, ಆ ಶೌಚಾಲಯದಲ್ಲಿ ಕೂತು ಏಳಬಲ್ಲರೇ? ಇದನ್ನು ಊಹಿಸಬೇಡಿ. ಬೆಂಗಳೂರಿನಲ್ಲಿ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಸಿಗುತ್ತದೆ. ಕೊಳ್ಳುವ ಮೊದಲು ಒಂದು ವಾರಾಂತ್ಯ ಬಾಡಿಗೆಗೆ ಪಡೆದು ಅವರನ್ನು ಕರೆದುಕೊಂಡು ಹೋಗಿ ಬನ್ನಿ. ಇಡೀ ಯೋಜನೆ ನಿಂತಿರುವುದೇ ಅವರ ಅನುಕೂಲದ ಮೇಲೆ.

ಈಗ ಉದಾಹರಣೆ ಮುಂದುವರಿಸೋಣ. ಟೈರ್‌ಗಳಿಗೆ 60 ಸಾವಿರ, ಬ್ಯಾಟರಿಗೆ 40 ಸಾವಿರ, ಚಾವಣಿ ಸೀಲ್ ಮಾಡಿಸಲು 10 ಸಾವಿರ ಎಂದು ಮೆಕ್ಯಾನಿಕ್ ಬರೆದರೆಂದುಕೊಳ್ಳಿ. 11 ಲಕ್ಷದಲ್ಲಿ 1.1 ಲಕ್ಷ ಕಳೆದರೆ 9.9 ಲಕ್ಷ. ಇದು ನಿಮ್ಮ ಲೆಕ್ಕದ ನಿಜ ಬೆಲೆ. ಹಾಗಿದ್ದರೆ ನಾನು 9.25ಕ್ಕೆ ಶುರು ಮಾಡುತ್ತೇನೆ, 10.5 ದಾಟುವುದಿಲ್ಲ. ದಾಟಬಾರದ ಅಂಕಿಯನ್ನು ಮನೆಯಲ್ಲೇ ಬರೆದು ಮನೆಯವರ ಕೈಗೆ ಕೊಟ್ಟುಹೋಗಿ.

ಕೂತು ಮಾತಾಡುವಾಗ ಬಜೆಟ್ ಎಷ್ಟೆಂದು ಕೇಳಿಯೇ ಕೇಳುತ್ತಾರೆ. ‘ಗಾಡಿ ನೋಡಿ ಹೇಳ್ತೀನಿ ಸಾರ್’ ಎಂದಷ್ಟೇ ಹೇಳಿ. ಗಾಡಿಯನ್ನು ಹೀಯಾಳಿಸಬೇಡಿ. ಅದನ್ನು ಆಸೆಯಿಂದ ಕಟ್ಟಿಸಿದವರು ಅವರು. ಮನಸ್ಸಿಗೆ ನೋವಾದರೆ ಹಟಕ್ಕೆ ಬೀಳುತ್ತಾರೆ. ‘ಮರದ ಕೆಲಸ ಚೆನ್ನಾಗಿ ಮಾಡಿಸಿದ್ದೀರಿ’ ಎಂಬುದು ನಿಜವಾದರೆ ಬಾಯಿಬಿಟ್ಟು ಹೇಳಿ. ಆಮೇಲೆ ನಿಮ್ಮ ಹಾಳೆಯನ್ನು ಅವರ ಮುಂದಿಟ್ಟು, ಒಂದೊಂದೇ ಸಾಲು ಓದಿ, ಕೊನೆಯಲ್ಲಿ ನಿಮ್ಮ ಅಂಕಿ ಹೇಳಿ ಸುಮ್ಮನಾಗಿ. ಈ ಮೌನ ಹೊಸಬರಿಗೆ ಕಷ್ಟ. ಎದುರಿನವರು ಮಾತಾಡುವ ಮೊದಲೇ ‘ಹೋಗ್ಲಿ, ಇನ್ನೊಂದು ಐವತ್ತು ಸೇರಿಸ್ತೀನಿ’ ಎಂದುಬಿಡುವವರೇ ಹೆಚ್ಚು. ಅವರು 14.5ರಿಂದ 13ಕ್ಕೆ ಇಳಿದರೆ ನೀವೂ ಅಷ್ಟೇ ಏರಬೇಕೆಂದಿಲ್ಲ. ಹಾಳೆಯ ಯಾವ ಸಾಲು ತಪ್ಪು ಎಂದು ಕೇಳಿ. ತಪ್ಪು ತೋರಿಸಿದರೆ, ಉದಾಹರಣೆಗೆ ಬ್ಯಾಟರಿ ಹೋದ ತಿಂಗಳು ಹಾಕಿಸಿದ ಬಿಲ್ ಕೊಟ್ಟರೆ, ಅಷ್ಟು ಏರಿಸಿ.

ಹಣದಲ್ಲಿ ಸಿಕ್ಕಿಕೊಂಡರೆ ವಸ್ತುವಿನಲ್ಲಿ ಬಿಡಿಸಿಕೊಳ್ಳಬಹುದು. ಟೈರ್ ಹಾಕಿಸಿಕೊಡಿ, ವರ್ಗಾವಣೆಯ ಖರ್ಚು ನಿಮ್ಮದು, ಬಿಸಿಲು ತಡೆಯುವ ಹೊರಗಿನ ಮಡಚುವ ಚಾವಣಿ ಗಾಡಿಯ ಜೊತೆಗೇ ಬರಲಿ ಎಂದು ಕೇಳಿ. ಬಿಚ್ಚಿದ ಸೀಟುಗಳು ಎಲ್ಲಿ ಎಂದೂ ಕೇಳಿ, ಅವಕ್ಕೂ ಬೆಲೆಯಿದೆ.

ಕಾಲವೂ ನಿಮ್ಮ ಕಡೆ ಇರಬಹುದು. ಆಷಾಢದಲ್ಲಿ ನಮ್ಮ ಕಡೆ ಗಾಡಿ ಕೊಳ್ಳುವವರು ಇಲ್ಲ, ಷೋರೂಮಿನವರೇ ಆಷಾಢದ ಆಫರ್ ಹಾಕುತ್ತಾರೆ. ಕ್ಯಾಂಪರ್‌ಗೆ ಅದು ಇನ್ನೂ ಒಳ್ಳೆಯ ಕಾಲ. ಮಳೆಯಿಂದ ಪ್ರವಾಸದ ಗಿರಾಕಿ ಕಡಿಮೆ, ಸೋರುವ ಚಾವಣಿಯೂ ತಾನಾಗಿಯೇ ಕಾಣಿಸುತ್ತದೆ. ಮನೆಯಲ್ಲಿ ಆಷಾಢ ಬೇಡ ಎಂದರೆ ಕರಾರು ಆಷಾಢದಲ್ಲಿ ಮಾಡಿಕೊಂಡು ಶ್ರಾವಣದಲ್ಲಿ ಪೂಜೆ ಮಾಡಿಸಿ ತನ್ನಿ. ಯುಗಾದಿ, ಆಯುಧಪೂಜೆಯ ಹಿಂದುಮುಂದು ಮಾತ್ರ ಹೋಗಬೇಡಿ.

ಹೊಸ ಗಾಡಿ ತೆಗೆದು ಕಟ್ಟಿಸುವ ಯೋಚನೆ ಬಂದರೆ ಗಾಡಿಯ ಹಣ ನೇರ ಡೀಲರಿಗೆ ಹೋಗಲಿ, ಬಿಲ್ ನಿಮ್ಮ ಹೆಸರಲ್ಲಿರಲಿ. ಕಟ್ಟುವವರಿಗೆ ಕೆಲಸ ಮುಗಿದ ಹಂತಕ್ಕಷ್ಟೇ ಹಣ ಕೊಡಿ, ಕೊನೆಯ ಕಂತು ಆರ್‌ಸಿ ಸರಿಯಾದ ವರ್ಗದಲ್ಲಿ ಕೈಸೇರಿದ ಮೇಲೆ. ಷೋರೂಮಿನ ಬಿಲ್ಲಿನಲ್ಲಿ 10 ಲಕ್ಷ ಮೀರಿದ ಗಾಡಿಗೆ ಶೇ 1ರ ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಇರುತ್ತದೆ. ಅದು ನಿಮ್ಮ ಆದಾಯ ತೆರಿಗೆ ಲೆಕ್ಕಕ್ಕೆ ಜಮೆಯಾಗುವ ಹಣ, ಅದರ ಮೇಲೆ ಚೌಕಾಸಿ ಮಾಡಿ ಶಕ್ತಿ ಕಳೆಯಬೇಡಿ. ಇನ್ಶೂರೆನ್ಸನ್ನು ಮಾತ್ರ ಡೀಲರ್ ಹತ್ತಿರವೇ ತೆಗೆಯಬೇಕೆಂಬ ನಿಯಮವಿಲ್ಲ, ಹೊರಗೆ ವಿಚಾರಿಸಿದರೆ ಉಳಿತಾಯವಾಗುತ್ತದೆ. ಈಕೋದಂಥ ಸಣ್ಣ ವ್ಯಾನ್ ನಿಮಗೆ ಬೇಡ, ತಾಯಿಯವರು ಒಳಗೆ ನೆಟ್ಟಗೆ ನಿಲ್ಲಲಾಗುವುದಿಲ್ಲ.

ಲೈಸೆನ್ಸ್ ಚಿಂತೆ ಬಿಡಿ. ಎಲ್‌ಎಂವಿ (ಲಘು ಮೋಟಾರು ವಾಹನ, ಅಂದರೆ ನಿಮ್ಮ ಕಾರಿನ) ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆಜಿಗಿಂತ ಕಡಿಮೆಯಿರುವ ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಖಚಿತಪಡಿಸಿದೆ, ಟ್ರಾವೆಲರ್ ಅದರೊಳಗೇ ಬರುತ್ತದೆ. ಆದರೆ ಉದ್ದದ ಗಾಡಿ, ರಿವರ್ಸ್ ತೆಗೆಯುವುದನ್ನು ಖಾಲಿ ಮೈದಾನದಲ್ಲಿ ಕೆಲವು ದಿನ ಅಭ್ಯಾಸ ಮಾಡಿಕೊಳ್ಳಿ.

ಎಲ್ಲ ಒಪ್ಪಿಗೆಯಾದ ಮೇಲೆ ಟೋಕನ್ ಕೊಡುವುದಾದರೆ ಸಣ್ಣ ಮೊತ್ತ ಕೊಡಿ, ಬ್ಯಾಂಕ್ ಮೂಲಕವೇ ಕೊಡಿ. ಜೊತೆಗೆ ಒಂದು ಹಾಳೆ ಬರೆಸಿ: ಇಂಥ ದಿನದೊಳಗೆ ಆರ್‌ಸಿ ವರ್ಗ ಬದಲಾಗದಿದ್ದರೆ ಟೋಕನ್ ಪೂರ್ತಿ ವಾಪಸ್, ಗಾಡಿಯಲ್ಲಿ ಇಂಥಿಂಥ ವಸ್ತುಗಳು ಇರತಕ್ಕದ್ದು. ನಗದು ಕೊಟ್ಟರೆ ಕಡಿಮೆ ಮಾಡುತ್ತೇವೆ ಎಂದರೆ ಒಪ್ಪಬೇಡಿ, ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಬಿದ್ದ ದಿನವೇ ಉಳಿದ ಹಣ ಕೊಡಿ, ವರ್ಗಾವಣೆಗೆ ಅರ್ಜಿಯನ್ನೂ ಕೂಡಲೇ ಹಾಕಿ. ಇನ್ಶೂರೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಕಂಪನಿಗೆ ಬರೆಯಬೇಕು. ಮಾರಿದವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ಪ್ರೀಮಿಯಂ ರಿಯಾಯಿತಿ) ಅವರದೇ, ಗಾಡಿಯ ಜೊತೆ ಬರುವುದಿಲ್ಲ. ಹಾಗಾಗಿ ಪ್ರೀಮಿಯಂ ವ್ಯತ್ಯಾಸ ನೀವು ಕಟ್ಟಬೇಕಾಗುತ್ತದೆ, ಆ ಮೊತ್ತವನ್ನೂ ನಿಮ್ಮ ಹಾಳೆಯಲ್ಲಿ ಮೊದಲೇ ಸೇರಿಸಿಕೊಳ್ಳಿ. ಅದೇ ಪತ್ರದಲ್ಲಿ ಒಳಗಿರುವ ಬ್ಯಾಟರಿ, ಇನ್ವರ್ಟರ್, ಒಲೆಯ ಪಟ್ಟಿಯನ್ನೂ ಕೊಟ್ಟು, ಅವು ಪಾಲಿಸಿಯಲ್ಲಿ ನಮೂದಾದ ಪ್ರತಿ ಕೈಗೆ ಬಂದ ಮೇಲೆಯೇ ತಾಯಿಯವರನ್ನು ಕೂರಿಸಿಕೊಂಡು ಹೊರಡಿ.